ಒಂದೇ ಡಬ್ಬಿಯ ರೆಸಿಸ್ಟರ್

ಪೀಣ್ಯದ ನಮ್ಮ ಶೆಡ್ಡಿನಲ್ಲಿ ತಯಾರಾಗುವ ಮೈಕ್ ಪೆಟ್ಟಿಗೆಯನ್ನು ಕಂಡರೆ ನಾನು ಮುಖ ತಿರುಗಿಸಿಕೊಳ್ಳುತ್ತೇನೆ. ಅದರ ನಕ್ಷೆ ಬರೆದವನು ನಾನು, ಕೆಡಿಸಿದವರು ನಮ್ಮ ಮಾಲೀಕರು.

ಸದ್ದು ಏರಿಸುವ ನಾಬ್‌ಗೆ ಹತ್ತು ಮೆಟ್ಟಿಲು. ಟಕ್ ಎಂದು ತಿರುಗಿಸಿದಾಗಲೆಲ್ಲ ಸದ್ದನ್ನು ತಡೆಹಿಡಿಯುವ ಒಂದು ರೆಸಿಸ್ಟರ್ ದಾರಿಯಿಂದ ಸರಿದು ಸದ್ದು ಏರುತ್ತದೆ. ಕಿವಿಗೆ ಪ್ರತಿ ಮೆಟ್ಟಿಲೂ ಒಂದೇ ಎತ್ತರ ಅನಿಸಬೇಕಾದರೆ ರೆಸಿಸ್ಟರುಗಳ ವ್ಯಾಲ್ಯೂ, ಅಂದರೆ ತಡೆಯ ಅಳತೆ, ಒಂದೇ ಇರಬಾರದು. ಮೊದಲನೆಯದು ದೊಡ್ಡದು, ಆಮೇಲಿನವು ಒಂದೇ ಪ್ರಮಾಣದಲ್ಲಿ ಕಿರಿದಾಗುತ್ತ ಹೋಗಬೇಕು. ಲೆಕ್ಕ ಹಾಕಿ, ಅಂಗಡಿಯಲ್ಲಿ ಸಿಗುವ ವ್ಯಾಲ್ಯೂಗಳಿಗೆ ಹೊಂದಿಸಿ, ಕೇಳಿ ಕೇಳಿ ಒಂದೊಂದನ್ನೂ ಆರಿಸಿದ್ದೆ. ಬೆಸುಗೆ ಮೇಜಿನಲ್ಲಿ ಕೂರುತ್ತಿದ್ದ ವಿಜಯಪುರದ ಗೆಳೆಯ ಮೊದಲ ಪೆಟ್ಟಿಗೆ ಜೋಡಿಸಿದ ದಿನ ನಾಬ್ ತಿರುಗಿಸುತ್ತ ಪದ ಹಾಡಿದ್ದ. ಇಬ್ಬರಿಗೂ ಖುಷಿಯೋ ಖುಷಿ.

ಮಾಲೀಕರು ಬಂದು ಮೇಜಿನ ಮೇಲೆ ಸಾಲಾಗಿಟ್ಟಿದ್ದ ರೆಸಿಸ್ಟರ್ ಡಬ್ಬಿಗಳ ಮೇಲೆ ಕಣ್ಣಾಡಿಸಿದರು.

"ಇಷ್ಟೊಂದು ಡಬ್ಬಿ ಯಾಕ್ರೀ? ಎಲ್ಲಾ ಒಂದೇ ವ್ಯಾಲ್ಯೂ ಹಾಕ್ಬಿಡಿ. ನಾಬ್ ತಿರುಗಿದ್ರೆ ಆಯ್ತು."

ಹಾಗೆ ಹಾಕಿದರೆ ಮೊದಲ ಮೆಟ್ಟಿಲುಗಳಲ್ಲಿ ವ್ಯತ್ಯಾಸವೇ ಗೊತ್ತಾಗದು, ಕೊನೆಯದರಲ್ಲಿ ಕಿವಿ ಹರಿದುಹೋಗುತ್ತದೆ ಎಂದು ಬಡಕೊಂಡೆ. ಕೊಳ್ಳುವವರಿಗೆ ಅದೆಲ್ಲ ಏನು ತಿಳಿಯುತ್ತೆ ಎಂದು ನಕ್ಕರು. ಗೆಳೆಯ ಮುಖ ಸಿಂಡರಿಸಿಕೊಂಡೇ ಒಂದೇ ಡಬ್ಬಿಯ ರೆಸಿಸ್ಟರುಗಳನ್ನು ಬೆಸೆಯತೊಡಗಿದ.

ಮುಂದೆ ಅವನಿಗೆ ಕಾಮಾಲೆ ಆಯಿತು. ಊರಿಗೆ ಹೋದವನು ಅಲ್ಲೇ ತೀರಿಕೊಂಡ. ಶೆಡ್ಡಿನ ಅಂಗಳದಲ್ಲಿ ಅವನ ಫೋಟೋ ಇಟ್ಟು ಸಂತಾಪ ಸಭೆ ಮಾಡಿದೆವು. ಅವನ ಹೆಂಡತಿ ಊರಿಂದ ಬಂದಿದ್ದರು. ಮಾಲೀಕರು ನಮ್ಮದೇ ಪೆಟ್ಟಿಗೆ ಇಡಿಸಿ, ಪಕ್ಕದಲ್ಲೊಬ್ಬ ಡೀಲರನ್ನೂ ಕೂರಿಸಿಕೊಂಡಿದ್ದರು. ಸಾವಿನ ಮನೆಯಲ್ಲೂ ವ್ಯಾಪಾರ, ಥೂ.

ಆಕೆ ಮೈಕ್ ಹಿಡಿದು ಮೆಲ್ಲಗೆ ಶುರುಮಾಡಿದರು.

"ನಮ್ಮವರು ಹೋಗೂ ಮುಂಚೆ, ನಿಮಗೆಲ್ಲಾರಿಗೂ ಒಂದ್ ಮಾತ್ ಹೇಳು ಅಂದಿದ್ರು..."

ಹಿಂದೆ ಕೂತವರು ಕೇಳಿಸುತ್ತಿಲ್ಲ ಎಂದರು. ಮಾಲೀಕರು ಎದ್ದು ನಾಬ್ ತಿರುಗಿಸಿದರು. ಏನೂ ಆಗಲಿಲ್ಲ. ಇನ್ನೊಂದು, ಮತ್ತೊಂದು, ಆಗಲೂ ಅಷ್ಟೇ. ನಾನು ಬೇಡ ಎನ್ನುತ್ತ ಓಡುವಷ್ಟರಲ್ಲಿ ಕೊನೆಯ ಮೆಟ್ಟಿಲಿಗೆ ತಿರುಗಿಸಿಬಿಟ್ಟರು. ಪೆಟ್ಟಿಗೆ ಕಿರುಚಿಕೊಂಡಿತು. ಆಕೆ ಮೈಕ್ ಕೈಬಿಟ್ಟು, ಸೆರಗಿನಿಂದ ಕಿವಿ ಮುಚ್ಚಿಕೊಂಡು ಅಲ್ಲೇ ಕುಸಿದು ಕೂತರು.

ಮಾಲೀಕರು ಡೀಲರ್ ಕಡೆ ತಿರುಗಿ, "ಪವರ್ ನೋಡಿದ್ರಾ ಸಾರ್?" ಎಂದರು.

ಆ ಮುಖಕ್ಕೆ ಉಗಿಯಬೇಕೆನಿಸಿತು. ಪ್ಲಗ್ ಕಿತ್ತು ಆಕೆಯ ಹತ್ತಿರ ಹೋದೆ. ಮೈಕ್ ಬೇಡ, ಹಾಗೇ ಹೇಳಿ ಅಕ್ಕ, ನಾವೇ ಹತ್ತಿರ ಬರುತ್ತೇವೆ ಎಂದೆ.

ಆಕೆ ಪೆಟ್ಟಿಗೆಯನ್ನೇ ನೋಡುತ್ತ ಕೇಳಿದರು.

"ಇದನ್ನ ನಮ್ಮವರ ಮಾಡತಿದ್ರೇನ್ರಿ ಅಣ್ಣಾ?"

ನಾನು ಕಿತ್ತ ವೈರನ್ನು ಸುತ್ತತೊಡಗಿದೆ. ಆಕೆ ಸೆರಗು ಕೊಡವಿಕೊಂಡು ಎದ್ದರು. ಗೆಳೆಯ ಹೇಳಿಕಳಿಸಿದ ಮಾತು ಆಕೆಯೊಂದಿಗೇ ವಿಜಯಪುರದ ಬಸ್ಸು ಹತ್ತಿತು.