ರಮೀರೊ ಗೀಚಿಹಾಕಿದ ಮಾತು

ಮೊದಲು ಹೊಡೆದವನು ರಮೀರೊ ಎಂದು ಎಲ್ಲರಿಗೂ ಗೊತ್ತು. ಹೊಡೆಯುವಂತೆ ಮಾಡಿದವನು ನಾನು — ಇದನ್ನು ಇಷ್ಟು ವರ್ಷ ಮುಚ್ಚಿಟ್ಟೆ.

ಎರಡು ಸಾವಿರದ ಇಸವಿಯ ಆಸುಪಾಸು. ಅಮೆರಿಕದ ಸ್ಟರ್ಲಿಂಗ್ ಹೈಟ್ಸ್‌ನ ಒಂದು ಕಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್. ಮೆಕ್ಸಿಕೋದ ರಮೀರೊ ತಗಡು ಒತ್ತುವ ಪ್ರೆಸ್ ಯಂತ್ರ ನಡೆಸುತ್ತಿದ್ದ. ನಮ್ಮ ಕನ್ನಡ ಕೂಟದವರು ತಿಂಗಳಿಗೊಮ್ಮೆ ಬಡವರಿಗೆ ಅಕ್ಕಿಬೇಳೆ ಹಂಚಲು ಹೊರಟಾಗ, ಪೆಟ್ಟಿಗೆಗಳ ಮೇಲೆ ಸ್ಪ್ಯಾನಿಷ್‌ನಲ್ಲಿ ಏನು ಬರೆಯಬೇಕೆಂದು ಅವನನ್ನೇ ಕೇಳಿದೆ. ಅವರಿವರಿಂದ ಹೆಕ್ಕಿದ ಮೂರು ಮಾತು ನನ್ನ ಚೀಟಿಯಲ್ಲಿದ್ದವು. ‘ಪೋಬ್ರೆ’ — ಬಡವ, ಪಾಪದವ. ‘ನೆಸೆಸಿತಾದೊ’ — ಇಲ್ಲದವ. ಮೂರನೆಯದು, ‘ಮುಎರ್ತೊ ದೆ ಆಂಬ್ರೆ’ — ಹೊಟ್ಟೆಗಿಲ್ಲದೆ ಸಾಯೋ ದರಿದ್ರ. ಅದನ್ನು ಕಂಡದ್ದೇ ಪೆನ್ನು ಕಿತ್ತುಕೊಂಡು ಗೀಚಿಹಾಕಿದ.

“ಇದನ್ನ ಯಾರಿಗೂ ಅನ್ಬೇಡ. ನಮ್ಮೂರಲ್ಲಿ ಇದಕ್ಕೆ ರಕ್ತ ಹರಿಯುತ್ತೆ,” ಎಂದ. “ಉಳಿದೆರಡೂ ಬೇಡ. ‘ಕುಟುಂಬಗಳಿಗೆ’ ಅಂತ ಬರಿ, ಸಾಕು. ಬಡವರು ಅಂತ ಅವರಿಗೆ ಗೊತ್ತಿಲ್ವಾ?”

ಹಾಗೇ ಬರೆದೆವು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ, ಪ್ರೆಸ್ಸಿಗೆ ಕೈ ಸಿಗದಂತೆ ತಡೆಯುವ ಜಾಲರಿ ಸಡಿಲವಾಗಿದೆ, ಯಾರದಾದರೂ ಕೈ ಹೋಗುತ್ತದೆ ಎಂದು ರಮೀರೊ ಯಂತ್ರ ನಿಲ್ಲಿಸಿದ. ನನ್ನನ್ನು ಕೇಳದೆ, ಎಲ್ಲರೆದುರು! ನನಗೆ ಪಿತ್ತ ನೆತ್ತಿಗೇರಿತು. ಬಯ್ಯಲು ಬೇರೆ ಮಾತಿರಲಿಲ್ಲವೇ — ಇತ್ತು. ಅವನ ಕಿವಿಯ ಬಳಿ ಬಾಗಿ, ಬೇಕೆಂದೇ, ಆ ಮೂರನೆಯದನ್ನು ಅಂದೆ.

ಮುಷ್ಟಿ ನನ್ನ ಮೂಗಿಗೆ ಬಿತ್ತು. ಬಾಯ್ತುಂಬ ರಕ್ತ. ಕೈಗೆ ಸಿಕ್ಕ ಸ್ಪ್ಯಾನರ್ ಎತ್ತಿ ಅವನ ದವಡೆಗೆ ಬೀಸಿದೆ. ಮೂಳೆ ಮುರಿದದ್ದು ನನ್ನ ಮೊಣಕೈವರೆಗೂ ತಿಳಿಯಿತು. ಬಿದ್ದವನ ಪಕ್ಕೆಗೆ ಒದ್ದೆ. ಮತ್ತೆ ಒದ್ದೆ. ಜನ ಹಿಡಿದೆಳೆಯದಿದ್ದರೆ —

“ಅವನಿಗೆ ಏನಂದೆ?” ಮ್ಯಾನೇಜರ್ ಕೇಳಿದ. ರಮೀರೊ ನೆಲದಲ್ಲೇ ಇದ್ದ, ನನ್ನನ್ನೇ ನೋಡುತ್ತಿದ್ದ; ಮುರಿದ ದವಡೆಯಲ್ಲಿ ಮಾತು ಹೊರಡುತ್ತಿರಲಿಲ್ಲ.

“‘ಪೋಬ್ರೆ’ ಅಂದೆ. ಪಾಪ ಅನ್ನಿಸಿತು, ಅದಕ್ಕೆ.”

ಅದನ್ನೇ ಬರೆದುಕೊಂಡರು. ಅವನ ಕೆಲಸ ಹೋಯಿತು. ಬಾಯಿಗೆ ಬಟ್ಟೆ ಒತ್ತಿಕೊಂಡೇ ಪೊಲೀಸರ ಕಾರು ಹತ್ತಿದ.

ಮನೆಯಲ್ಲಿ ಮೂಗಿಗೆ ಐಸ್ ಇಡುತ್ತ ಹೆಂಡತಿ, “ರೀ, ನೀವೇನೂ ಅನ್ಲಿಲ್ಲ ತಾನೇ?” ಎಂದಳು.

“ಇಲ್ಲ ಕಣೇ.”

ಮುಂದಿನ ತಿಂಗಳು ಪೆಟ್ಟಿಗೆಗಳ ಸಾಲಿನಲ್ಲಿ ರಮೀರೊನ ಹೆಂಡತಿ ನಿಂತಿದ್ದಳು. ಕಾರ್ಖಾನೆಯ ಪಿಕ್ನಿಕ್‌ನಲ್ಲಿ ಅವಳನ್ನು ಕಂಡಿದ್ದೆ. ಅವಳಿಗೆ ನನ್ನ ಗುರುತಿರಲಿಲ್ಲ. ಗಂಡ ಹೇಳಿಕೊಟ್ಟು ಬರೆಸಿದ್ದ ‘ಕುಟುಂಬಗಳಿಗೆ’ ಎಂಬುದನ್ನು ಮೆಲ್ಲಗೆ ಓದಿ, ನನಗೆ ಥ್ಯಾಂಕ್ಸ್ ಹೇಳಿದಳು.

ಪರವಾಗಿಲ್ಲಮ್ಮ ಎಂದೆ ನಾನು.