ಗಾಳಿಗೆ ಸಾಕ್ಷಿ ಹೇಳಿದ ಧೋತರ

ಬೊರಿವಲಿ ಪೂರ್ವದ ಹಳೆಯ ಬಿಲ್ಡಿಂಗೊಂದರ ಟೆರೇಸಿನ ಮೇಲೆ ಗಾಳಿ ಅಳೆಯುವ ಮಷೀನೊಂದಿದೆ. ತಗಡಿನ ಮಾಡು ಹೊತ್ತ ಪಾರಿವಾಳದ ಗೂಡಿನಂತಿರುವ ಅದು ದಿನವಿಡೀ ಗುಂಯ್ ಎನ್ನುತ್ತ ಗಾಳಿಯನ್ನು ಒಳಗೆಳೆದು ಬಿಳಿ ಕಾಗದವೊಂದರಲ್ಲಿ ಸೋಸುತ್ತದೆ. ಆ ಕಾಗದವನ್ನು ದಿನಕ್ಕೊಮ್ಮೆ ಬದಲಿಸಿ, ಹಳೆಯದನ್ನು ಲಕೋಟೆಗೆ ಹಾಕಿ ಫೋರ್ಟಿನ ಆಫೀಸಿಗೆ ಮುಟ್ಟಿಸುವುದು ಬಸವಂತರಾಯರ ಕೆಲಸ. ಕಾಗದಪತ್ರಗಳಲ್ಲಿ ಅವರ ಹುದ್ದೆಯ ಹೆಸರು ‘ಸಹಾಯಕ’. ಯಾರಾದರೂ ಕೇಳಿದರೆ ಮಾತ್ರ ಅವರು, “ಗಾಳಿ ಖಾತೆ ನನ್ನ ಕಡಿ ಅದರಿ,” ಎನ್ನುತ್ತಾರೆ. ಮಂತ್ರಿಗಳು ಹಣಕಾಸು ಖಾತೆಯ ಬಗ್ಗೆ ಮಾತಾಡುವ ಧಾಟಿಯೇ ಅದು.

ಆಳಂದ ಕಡೆಯ ಬಸವಂತರಾಯರು ಅದೇ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿದ್ದು, ಹದಿನೆಂಟು ವರ್ಷದಿಂದ ಈ ಖಾತೆ ನಿಭಾಯಿಸುತ್ತಿದ್ದಾರೆ. ಕಾಗದದ ಬಣ್ಣ ನೋಡಿಯೇ ಅವರು ಊರಿನ ಯೋಗಕ್ಷೇಮ ಹೇಳಬಲ್ಲರು. ಕರ್ರಗಿದ್ದರೆ ಗಾಡಿಗಳ ಹೊಗೆ. ಬೂದಿಬಣ್ಣಕ್ಕೆ ತಿರುಗಿ ಸುಟ್ಟ ಹುಲ್ಲಿನ ವಾಸನೆ ಬಂದರೆ ನ್ಯಾಷನಲ್ ಪಾರ್ಕಿನ ಗುಡ್ಡಕ್ಕೆ ಬೆಂಕಿ. ಹೋದ ವರ್ಷ ಮಾರ್ಚಿನಲ್ಲಿ ಆಫೀಸಿನವರೆಲ್ಲ ಯಾರೋ ಕಸ ಸುಟ್ಟಿದ್ದಾರೆ ಎಂದುಕೊಂಡಿದ್ದಾಗ, ರಾಯರು ಕಾಗದವನ್ನು ಮೂಸಿ, “ಗುಡ್ಡ ಉರದದ,” ಎಂದಿದ್ದರು. ಮರುದಿನ ಅದು ನಿಜವಾಯಿತು. ಅಂದಿನಿಂದ ಅವರು ಚಹಾವನ್ನೂ ಮೂಸದೆ ಕುಡಿಯುವುದಿಲ್ಲ.

ಈ ಖಾತೆಗೆ ಟೆರೇಸಿನಲ್ಲೇ ಒಂದು ವಿರೋಧ ಪಕ್ಷವಿತ್ತು. ನಾಲ್ಕನೇ ಮಹಡಿಯ ರುಕ್ಮಿಣಿಬಾಯಿ. ಹುಮನಾಬಾದಿನ ಈ ಹಿರಿಯಾಕೆ ಹಪ್ಪಳ ಮಾಡಿ ಮಾರುವವರು. ಸಂಕ್ರಾಂತಿ ಮುಗಿಯುತ್ತಲೇ ಮಷೀನಿನಿಂದ ಹತ್ತು ಹೆಜ್ಜೆ ದೂರದಲ್ಲಿ ಚಾಪೆ ಹಾಸಿ, ಅಕ್ಕಿಹಿಟ್ಟು ಉದುರಿಸಿ ಲಟ್ಟಿಸಿ, ಒಣಹಾಕಿ, ಕಾಗೆ ಮುಟ್ಟದಂತೆ ಮೇಲೊಂದು ಹಳೆಯ ಬಿಳಿ ಧೋತರ ಹೊದಿಸುತ್ತಿದ್ದರು. ಹಿಟ್ಟು ಹಾರಿ ಮಷೀನಿಗೆ ಹೋಗುತ್ತದೆಂದು ರಾಯರು. ಮಷೀನು ಧೂಳು ಉಗುಳಿ ಹಪ್ಪಳ ಕೆಡಿಸುತ್ತದೆಂದು ರುಕ್ಮಿಣಿಬಾಯಿ. ರಾಯರು ಬಾಯಿಜಗಳಕ್ಕೆ ಇಳಿಯುವ ಪೈಕಿಯಲ್ಲ. ಖಾತೆಯ ಘನತೆಗೆ ತಕ್ಕಂತೆ ಆಫೀಸಿಗೆ ಅರ್ಜಿ ಬರೆದರು. ಒಂದಲ್ಲ, ಆರು. ಆರನೆಯದರಲ್ಲಿ, ‘ಸದರಿ ಮಹಿಳೆಯ ಹಿಟ್ಟಿನಿಂದಾಗಿ ಗಾಳಿಯ ಲೆಕ್ಕ ಪೂರಾ ತಪ್ಪುವ ಸಂಭವವಿದೆ’ ಎಂದಿತ್ತು. ನಿಜ ಹೇಳಬೇಕೆಂದರೆ ಕಾಗದದ ಮೇಲೆ ಒಂದು ಚಿಟಿಕೆ ಹಿಟ್ಟನ್ನೂ ಅವರು ಕಂಡಿರಲಿಲ್ಲ. ಆದರೆ ವಾಕ್ಯ ಬಹಳ ಚೆಂದ ಬಂದಿತ್ತು.

ಆ ಚೆಂದದ ವಾಕ್ಯವೇ ಕುತ್ತಿಗೆಗೆ ಬಂತು.

ಜನವರಿ ಕೊನೆಯ ಒಂದು ಭಾನುವಾರ ಸೂರ್ಯ ಹಳೇ ಬಲ್ಬಿನಂತೆ ಮಂಕಾಗಿ ಹುಟ್ಟಿದ. ಸೋಮವಾರ ರಾಯರು ತೆಗೆದ ಕಾಗದ ಕಪ್ಪೂ ಅಲ್ಲ, ಬೂದಿಯೂ ಅಲ್ಲ. ಹಾಲು ಹೆಚ್ಚಾದ ಚಹಾದ ಬಣ್ಣ. ಮೂಸಿದರು. ವಾಸನೆಯೇ ಇಲ್ಲ. ಆಫೀಸಿನಲ್ಲಿ ತೂಗಿದಾಗ ಧೂಳು ಮಾಮೂಲಿ ದಿನದ ಐದು ಪಟ್ಟು. ಆ ಭಾನುವಾರ ನಗರದ ಬೇರೆರಡು ಮಷೀನುಗಳಲ್ಲಿ ಒಂದರ ಮೋಟಾರು ಸುಟ್ಟಿತ್ತು, ಇನ್ನೊಂದಕ್ಕೆ ಬಿಲ್ಡಿಂಗಿನ ಪೇಂಟ್ ಕೆಲಸದವರು ತಾಡಪತ್ರಿ ಹೊದಿಸಿದ್ದರು. ಬೊರಿವಲಿಯದ್ದು ಒಂಟಿ ಸಾಕ್ಷಿ. ದೊಡ್ಡ ಸಾಹೇಬರು ಫೈಲು ತೆರೆದರು, ಆರು ಅರ್ಜಿ ಕಂಡರು, ಆಜ್ಞೆ ಬರೆದರು: ‘ಸಹಾಯಕರೇ ತಿಳಿಸಿದಂತೆ ಇದು ಹಪ್ಪಳದ ಹಿಟ್ಟು. ಭಾನುವಾರದ ಲೆಕ್ಕ ಹೊಡೆದುಹಾಕುವುದು. ಜಾಗ ಯೋಗ್ಯವಲ್ಲದ ಕಾರಣ ಶುಕ್ರವಾರ ಮಷೀನು ತೆಗೆಯುವುದು. ಸಹಾಯಕರನ್ನು ಲಕೋಟೆಗಳ ಗೋದಾಮಿಗೆ ಹಾಕುವುದು.’

ಮಷೀನಿಲ್ಲದ ಬಸವಂತರಾಯರೆಂದರೆ ಬರೀ ಬಸವಂತ. ಬುಧವಾರ ಸಂಜೆ ಅವರು ಸಿಟ್ಟನ್ನೆಲ್ಲ ಕಟ್ಟಿಕೊಂಡು ಟೆರೇಸು ಹತ್ತಿದರು.

“ಬಾಯಾರ, ನಿಮ್ಮ ಹಿಟ್ಟು ನನ್ನ ಖಾತಿ ತಿಂತು ನೋಡ್ರಿ!”

“ನಿಮ್ಮ ಡಬ್ಬಿ ನನ್ನ ಹಪ್ಪಳ ತಿಂತಲ್ಲ, ಅದಕ್ಯಾರ ಕೇಳೋರು?” ರುಕ್ಮಿಣಿಬಾಯಿ ಮೂಲೆಯಲ್ಲಿ ಮಡಿಸಿಟ್ಟಿದ್ದ ಧೋತರ ತಂದು ಕೊಡವದೆ ಬಿಚ್ಚಿದರು. “ಐತವಾರ ಹೊದಿಸಿದ್ದು. ನಿಮಗ ತೋರಸಬೇಕಂತ ತೊಳಿಲಾರದ ಇಟ್ಟೀನಿ. ನೋಡ್ರಿ, ಹ್ಯಾಂಗ ಉಗುಳ್ಯಾದ ನಿಮ್ಮ ಡಬ್ಬಿ!”

ಧೋತರ ಹಾಲು ಹೆಚ್ಚಾದ ಚಹಾದ ಬಣ್ಣಕ್ಕಿತ್ತು.

“ನಮ್ಮ ಮಷೀನು ಉಗುಳಂಗಿಲ್ಲರಿ, ನುಂಗತದ. ನಿಮ್ಮ ಹಿಟ್ಟೇ—”

“ಹಿಟ್ಟು ಈ ಬಣ್ಣ ಇರ್ತದೇನು? ಗ್ರಾಂಟ್ ರೋಡಿನಾಗ ನನ್ನ ಗೆಳತಿ ರಾಜೀವಿ ಹಪ್ಪಳದ ಮ್ಯಾಲ ಹೊದಿಸಿದ ಅರಬಿನೂ ಹಿಂಗೇ ಆಗ್ಯಾದಂತ. ಫೋನ್ ಮಾಡಿದ್ಲು. ಅಲ್ಲೂ ನಾನೇ ಹೋಗಿ ಹಿಟ್ಟು ಊದಿ ಬಂದೀನೇನು?”

ರಾಯರು ಎತ್ತಿದ ಬೆರಳು ಹಾಗೇ ನಿಂತಿತು. ಗ್ರಾಂಟ್ ರೋಡ್ ಇಲ್ಲಿಂದ ಮೂವತ್ತು ಕಿಲೋಮೀಟರ್. ಅಲ್ಲಿ ಅವರ ಮಷೀನೂ ಇಲ್ಲ, ರುಕ್ಮಿಣಿಬಾಯಿಯ ಹಿಟ್ಟೂ ಇಲ್ಲ.

“ಇನ್ನೊಮ್ಮೆ ಹೇಳ್ರಿ ಬಾಯಾರ,” ಎಂದರು, ಹದಿನೆಂಟು ವರ್ಷದಲ್ಲಿ ಮೊದಲ ಸಲ ಮೆತ್ತಗೆ. “ರಾಜೀವಿಬಾಯಿ ಅರಬಿ ಒಗದಾರೇನು?”

ರುಕ್ಮಿಣಿಬಾಯಿ ಅಲ್ಲೇ ಫೋನ್ ಹಚ್ಚಿ, ಆ ಬಟ್ಟೆಗೆ ನೀರು ಮುಟ್ಟಿಸಬೇಡ ಎಂದು ಹೇಳಿದರು. ಮರುದಿನ ಬೆಳಗ್ಗೆ ರಾಯರು ಧೋತರವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗರ್ಭಿಣಿಯನ್ನು ಕರೆದೊಯ್ಯುವಷ್ಟು ಜತನದಿಂದ ಎಂಟೂವರೆಯ ಲೋಕಲ್ ಹತ್ತಿದರು. “ಧಕ್ಕಾ ಮತ್ ಮಾರೋ ಭಾಯ್, ಇದರಾಗ ಹವಾ ಅದ!” ಎಂದು ಅವರು ಕೂಗಿದಾಗ ಜನ ನಿಜವಾಗಿಯೂ ತುಸು ಸರಿದರು.

ಗ್ರಾಂಟ್ ರೋಡಿನಲ್ಲಿ ರಾಜೀವಿ, ಗಂಡನ ಹೋಟೆಲಿನ ಟೆರೇಸಿನಲ್ಲಿ ಉದ್ದಿನ ಹಪ್ಪಳ ಒಣಗಿಸುವ ಉಡುಪಿಯ ಹೆಂಗಸು, ಬಟ್ಟೆ ಮಡಿಸಿಕೊಟ್ಟರು. “ಕೊಳಕು ಬಟ್ಟೆಗೆ ಫೋರ್ಟಿನಿಂದ ಬೇಡಿಕೆ ಉಂಟು ಅಂತ ನಮಗೆ ಗೊತ್ತೇ ಇರಲಿಲ್ಲ ಮಾರಾಯ್ರೆ. ಇನ್ನು ಒಗೆಯುವುದೇ ಬೇಡ. ಕಾಫಿ ಕುಡೀರಿ.” ರಾಯರು ಕಾಫಿಯನ್ನು ಮೂಸದೆ ಕುಡಿದರು. ಅಷ್ಟು ಅವಸರ.

ಆಫೀಸಿನಲ್ಲಿ ಕಾಗದಗಳನ್ನು ಪರೀಕ್ಷಿಸುವವರು ಅನುರಾಧಾ ಎಂಬ ತರುಣ ವಿಜ್ಞಾನಿ. ದಾದರಿನಲ್ಲಿ ಹುಟ್ಟಿ ಬೆಳೆದ ಅವರ ಕನ್ನಡ ನಡೆಯುವಾಗಲೇ ಎಡವುತ್ತಿತ್ತು. “ಅಂಕಲ್, ಸ್ಯಾಟಲೈಟ್ ಫೋಟೋದಲ್ಲಿ ಆ ದಿನ ಪೂರಾ ಮೋಡ. ನನಗೆ ದೂಸ್ರಾ ಪ್ರೂಫ್ ಬೇಕಿತ್ತು. ನೀವು ಧೋತರ ತಂದ್ರಿ?”

ಮೊದಲು ಕಾಗದದ ಚೂರಿಗೆ ಅಯೋಡಿನ್ ಹನಿಸಿದರು. ಹಿಟ್ಟಿದ್ದರೆ ನೀಲಿಯಾಗಬೇಕು. ಆಗಲಿಲ್ಲ. ಎರಡು ಬಟ್ಟೆಗಳ ನಡುಭಾಗದ ಧೂಳನ್ನು, ಕಾಗದದ ಧೂಳನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಮೂರರಲ್ಲೂ ಅದೇ ಸಣ್ಣ ಕಂದು ಕಲ್ಲುಕಣ; ಮಸಿ ಕಡಿಮೆ, ಸುಟ್ಟ ಹುಲ್ಲು ಇಲ್ಲ. ಗುಡ್ಡದ ಬೆಂಕಿಯೂ ಅಲ್ಲವೆಂದಾಯಿತು. ಆಮೇಲೆ ಆ ಭಾನುವಾರದ ಗಾಳಿ ಎಲ್ಲೆಲ್ಲಿ ಹಾದು ಬಂದಿತ್ತೆಂದು ಕಂಪ್ಯೂಟರಿನಲ್ಲಿ ಹಿಂದಕ್ಕೆ ಓಡಿಸಿ ನೋಡಿದರು. ಗೆರೆಯೊಂದು ಬೊರಿವಲಿಯಿಂದ ಹೊರಟು ಸಮುದ್ರ ದಾಟಿ ಮರುಭೂಮಿಯಲ್ಲಿ ನಿಂತಿತು.

“ಇಷ್ಟು ದೂರದಿಂದ ಬಂದದ?” ರಾಯರು ಗೆರೆಯನ್ನು ಬೆರಳಿನಿಂದ ಸವರಿದರು. “ಟಿಕೆಟ್ ಇಲ್ಲದ?”

“ಹಾಂ ಅಂಕಲ್. ಆದ್ರೆ ಒಂದು ಪ್ರಾಬ್ಲಮ್. ಫೈಲಲ್ಲಿ ನಿಮ್ದೇ ಆರು ಲೆಟರ್ ಇದೆ. ಸಾಹೇಬ್ರು ಅದನ್ನೇ ತೋರಿಸ್ತಾರೆ. ಹಿಟ್ಟು ನೀವು ನೋಡಿದ್ರಾ, ಇಲ್ವಾ?”

ಬಸವಂತರಾಯರು ಫ್ಯಾನು ನೋಡಿದರು, ನೆಲ ನೋಡಿದರು. ಘನತೆ ಒಂದು ಕಡೆ, ಮಷೀನು ಒಂದು ಕಡೆ. ಕೊನೆಗೆ ಕಾಗದ ಕೇಳಿ ಪಡೆದು ಏಳನೆಯ ಅರ್ಜಿ ಬರೆದರು: ‘ಸದರಿ ಮಹಿಳೆಯ ಹಿಟ್ಟು ಮಷೀನಿಗೆ ಬಿದ್ದದ್ದನ್ನು ನಾನು ಎಂದೂ ನೋಡಿಲ್ಲ. ಮೊದಲಿನ ಆರೂ ಅರ್ಜಿಗಳು ನನ್ನ ಸಿಟ್ಟಿನಿಂದ ಬಂದವು, ಗಾಳಿಯಿಂದಲ್ಲ.’ ಇದೂ ಚೆಂದ ಬಂದಿತ್ತು. ಓದಿ ಸಂತೋಷಪಡುವ ಮನಸ್ಸಾಗಲಿಲ್ಲ ಅಷ್ಟೆ.

ಶುಕ್ರವಾರ ಮಷೀನು ತೆಗೆಯಲು ಯಾರೂ ಬರಲಿಲ್ಲ. ಬದಲು ವರದಿಯ ಪ್ರತಿ ಬಂತು: ಭಾನುವಾರದ ಲೆಕ್ಕ ಸರಿ, ಕಾರಣ ದೂರದ ಮರುಭೂಮಿಯ ಧೂಳು, ಮಷೀನು ಅಲ್ಲೇ ಇರತಕ್ಕದ್ದು. ಜೊತೆಗೆ ಧೋತರದ ದೊಡ್ಡ ಫೋಟೋ.

ರುಕ್ಮಿಣಿಬಾಯಿ ಏಳನೆಯ ಅರ್ಜಿಯನ್ನು ಟೆರೇಸಿನಲ್ಲಿ ರಾಯರ ಬಾಯಿಂದಲೇ ಓದಿಸಿದರು. ‘ಎಂದೂ ನೋಡಿಲ್ಲ’ ಎಂಬಲ್ಲಿ ನಿಲ್ಲಿಸಿ, “ಗಾಳಿ ಬಾಳ ಅದ, ಕೇಳಸಲಿಲ್ಲ, ಇನ್ನೊಮ್ಮೆ,” ಎಂದರು. ರಾಯರು ಇನ್ನೊಮ್ಮೆ ಓದಿದರು.

ಅಷ್ಟರಲ್ಲಿ ರಾಯರ ಹೆಂಡತಿ ಮಹಾದೇವಿ ತಾವು ನೋಡುತ್ತಿದ್ದ ಫೋಟೋವನ್ನು ಮೆಲ್ಲಗೆ ಸೆರಗಿನಡಿ ಸರಿಸತೊಡಗಿದರು. ರಾಯರು ಕಸಿದುಕೊಂಡರು. ಧೋತರದ ಅಂಚಿನಲ್ಲಿ ಧೋಬಿ ಹಾಕಿದ ಗುರುತು ಸ್ಪಷ್ಟವಾಗಿತ್ತು: ಬ.ರಾ.

“ಇದು ನನ್ನ ಧೋತರ!”

“ಮೂರು ವರ್ಷ ಆತು ಕೊಟ್ಟು,” ಎಂದರು ಮಹಾದೇವಿ. “ಬದಲಿಗೆ ವರ್ಷಾ ನೂರು ಹಪ್ಪಳ ಕೊಡ್ತಾರ. ದಿನಾ ಊಟಕ್ಕ ಕುಂತು, ಬೇಷ್ ಆಗ್ಯಾವ, ಇನ್ನೆರಡು ಹಾಕು ಅಂತಿದ್ರಲ್ಲ, ಅವು ಯಾರ್ವು ಅಂತ ತಿಳದಿದ್ರಿ?”

ರಾಯರು ಫೋಟೋವನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, “ಹಂಗಂದ್ರ,” ಎಂದರು, “ಈ ತನಿಖೆದಾಗ ಮುಖ್ಯ ಸಾಮಾನು ನಮ್ಮದೇ ಅಂತಾತು.”