ಕವಲುದಾರಿಯಲ್ಲಿ ಮೂರು ಗಂಟೆ

ನನ್ನ ಹೆಂಡತಿ ಸೈಕಲ್ ತುಳಿಯುವುದನ್ನು ಬಿಟ್ಟಿದ್ದಕ್ಕೆ ನಾನೇ ಕಾರಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಾಲ್ಕು ವರ್ಷ ಕಾಲ ಅವಳ ಮಂಡಿ ಕಾರಣ, ಮೊಂಡುತನ ಕಾರಣ, ಫ್ರಾನ್ಸಿನ ಬಿಸಿಲು ಕಾರಣ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು.

ಅವಳು ಸೈಕಲ್ ಕಲಿತದ್ದೇ ನಲವತ್ತೊಂದನೆಯ ವಯಸ್ಸಿನಲ್ಲಿ. ಮೈಸೂರಿನ ಅವಳ ತವರಿನಲ್ಲಿ ಇದ್ದದ್ದು ಒಂದೇ ಸೈಕಲ್, ಅದು ಅಣ್ಣನದು, ಮುಟ್ಟಿದರೆ ಬೈಗುಳ. ನೈರೋಬಿಯಲ್ಲಿ ನಾವು ಪಾರ್ಕ್‌ಲ್ಯಾಂಡ್ಸ್‌ನ ಒಂದು ಫ್ಲ್ಯಾಟಿನಲ್ಲಿದ್ದೆವು. ನಾನು ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಮಣ್ಣಿನ ವಿಜ್ಞಾನಿ, ಅವಳು ಹತ್ತಿರದ ಶಾಲೆಯಲ್ಲಿ ಗಣಿತದ ಮೇಡಂ. ಭಾನುವಾರ ಬೆಳಿಗ್ಗೆ ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ರುಂಡಾಕ್ಕೆ ಹೋಗುತ್ತಿದ್ದೆವು. ಅಲ್ಲಿಯ ಬಂಗಲೆಗಳ ಬೀದಿಗಳಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನುಗಳ ಕಾಟವಿಲ್ಲ. ನಾನು ಸೀಟು ಹಿಡಿದು ಓಡುವುದು, ಅವಳು ಹೋಗಿ ಬೇಲಿಗೆ ಗುದ್ದುವುದು. ಗೇಟು ಕಾಯುವವರಿಗೆ ಪುಕ್ಕಟೆ ಮನರಂಜನೆ. ‘ಪೋಲೆ ಪೋಲೆ, ಮಾಮಾ’, ನಿಧಾನ ಅಮ್ಮಾ, ನಿಧಾನ ಎಂದು ಅವರು ಹುರಿದುಂಬಿಸುತ್ತಿದ್ದರು. ನಾನೋ, ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವನು, ರೇಗುತ್ತಿದ್ದೆ. ಆರನೆಯ ಭಾನುವಾರ ನಾನು ಕೈ ಬಿಟ್ಟದ್ದು ಅವಳಿಗೆ ಗೊತ್ತೇ ಆಗಲಿಲ್ಲ. ರಸ್ತೆಯ ಕೊನೆಯವರೆಗೂ ಹೋಗಿ, ಇಳಿದು, ಹಿಂತಿರುಗಿ ನೋಡಿ, ನಡುರಸ್ತೆಯಲ್ಲೇ ಅತ್ತುಬಿಟ್ಟಳು. ಮದುವೆಯ ದಿನವೂ ಇಷ್ಟು ಖುಷಿಯಾಗಿದ್ದದ್ದು ಕಾಣೆ ಎಂದು ನಾನು ಛೇಡಿಸಿದೆ. ಹೌದು, ಆಗಿರಲಿಲ್ಲ ಎಂದಳು.

ವರ್ಷದೊಳಗೆ ನಾವು ನಗರದಾಚೆಯ ಚಹಾ ತೋಟಗಳ ಏರಿನವರೆಗೂ ಹೋಗತೊಡಗಿದೆವು. ನಾನು ಮುಂದೆ, ಅವಳು ಹಿಂದೆ. ಒಂದು ಸಲ ಮಟಾಟುಗಳ ಗದ್ದಲದಲ್ಲಿ ಒಬ್ಬರಿಗೊಬ್ಬರು ತಪ್ಪಿಸಿಕೊಂಡು, ನಾನು ಅವಳನ್ನು ಹುಡುಕುತ್ತ, ಅವಳು ನನ್ನನ್ನು ಹುಡುಕುತ್ತ, ಅರ್ಧ ಬೆಳಗು ಹಾಳಾಯಿತು. ಅವತ್ತೇ ನಾನೊಂದು ನಿಯಮ ಮಾಡಿದೆ. ಮುಂದಿನವನು ಕಣ್ಣಿಗೆ ಕಾಣದಿದ್ದರೆ ಹಿಂದಿನವಳು ನಿಂತಲ್ಲೇ ನಿಲ್ಲಬೇಕು. ಒಂದು ಹೆಜ್ಜೆ ಆಚೀಚೆ ಹೋಗಕೂಡದು. ಮುಂದಿನವನು ತಿರುಗಿ ಬರಬೇಕು, ಅದೂ ಹತ್ತು ನಿಮಿಷದೊಳಗೆ. ಐದು ವರ್ಷ ಈ ನಿಯಮ ಒಮ್ಮೆಯೂ ತಪ್ಪಿರಲಿಲ್ಲ. ಹತ್ತು ನಿಮಿಷ ಎಂದರೆ ಏಳೆಂಟು ನಿಮಿಷಕ್ಕೇ ನಾನು ಗೊಣಗುತ್ತ ಪ್ರತ್ಯಕ್ಷನಾಗುತ್ತಿದ್ದೆ.

ಫ್ರಾನ್ಸಿಗೆ ಹೋಗುವ ಹುಚ್ಚು ನನ್ನದೇ. ಬರ್ಗಂಡಿಯ ದ್ರಾಕ್ಷಿತೋಟಗಳ ಸುಣ್ಣಕಲ್ಲಿನ ಮಣ್ಣಿನ ಬಗ್ಗೆ ಓದಿ ಓದಿ, ಆ ತೋಟಗಳ ನಡುವೆ ಒಮ್ಮೆ ಸೈಕಲ್ ತುಳಿಯಬೇಕು ಎಂದು ತಲೆಗೆ ಹತ್ತಿತ್ತು. ಅವಳೂ ಉತ್ಸಾಹದಲ್ಲಿ ಕುಣಿದಳು. ಒಂದು ಪ್ರವಾಸ ಕಂಪನಿಯ ಆರು ದಿನದ ಏರ್ಪಾಟು. ಬಾಡಿಗೆ ಸೈಕಲ್ಲು, ಒಂದು ನಕಾಶೆ ಕೊಡುತ್ತಾರೆ. ನಮ್ಮ ಸಾಮಾನನ್ನು ವ್ಯಾನಿನಲ್ಲಿ ಊರಿಂದೂರಿಗೆ ಸಾಗಿಸುತ್ತಾರೆ. ಮಿಕ್ಕಿದ್ದು ನಮ್ಮ ಪಾಡು. ನಕಾಶೆ ನನ್ನ ಹ್ಯಾಂಡಲ್‌ಬಾರಿನ ಚೀಲದಲ್ಲೇ ಇರಬೇಕೆಂದು ಹಟ ಹಿಡಿದವನೂ ನಾನೇ. ಅವಳ ಕೀನ್ಯಾದ ಸಿಮ್ ಅಲ್ಲಿ ಸತ್ತು ಬಿದ್ದಿತ್ತು.

ಎರಡು ದಿನ ಸ್ವರ್ಗ. ಬೆಟ್ಟದ ಓರೆಯಲ್ಲಿ ಸಾಲು ಸಾಲು ದ್ರಾಕ್ಷಿಬಳ್ಳಿ, ಮೊಣಕಾಲೆತ್ತರದ ಕಲ್ಲುಗೋಡೆ, ಮೂರು ಮೈಲಿಗೊಂದು ಊರು, ಊರಿಗೊಂದು ಇಗರ್ಜಿ. ಅವಳಿಗೆ ಇಗರ್ಜಿಗಿಂತ ಊರ ಮುಂದಿನ ಬಟ್ಟೆ ಒಗೆಯುವ ಕೊಳಗಳು ಇಷ್ಟವಾದವು. ಹೆಂಚಿನ ಮಾಡು, ನಡುವೆ ನೀರು, ಸುತ್ತ ಸವೆದ ಕಲ್ಲು. ಪ್ರತಿಯೊಂದು ಊರಿನಲ್ಲೂ ಇಳಿದು, ಆ ಕಲ್ಲಿನ ಮೇಲೆ ಅಂಗೈ ಇಟ್ಟು ನೋಡುವಳು. ಇಲ್ಲಿ ಎಷ್ಟು ಹೆಂಗಸರು ಬೆನ್ನು ಬಗ್ಗಿಸಿದ್ದಾರೋ ರೀ ಎನ್ನುವಳು. ನನಗೆ ಮಾತ್ರ ತಲೆಗೆ ಕೋಡು ಮೂಡಿತ್ತು. ನೈರೋಬಿಯ ಎತ್ತರದಲ್ಲಿ ಪಳಗಿದ ಶ್ವಾಸಕೋಶಕ್ಕೆ ಅಲ್ಲಿನ ಗಾಳಿ ಎಂದರೆ ಹಬ್ಬದೂಟ. ಏರಿನಲ್ಲೂ ಏದುಸಿರಿಲ್ಲ. ಐವತ್ತರ ಹತ್ತಿರ ಬಂದ ಗಂಡಸಿಗೆ ಅಂಥ ಜಂಭ ಬರಬಾರದು.

ಮೂರನೆಯ ದಿನ ಬೆಳಿಗ್ಗೆ ಇಬ್ಬರು ಡಚ್ಚರು ನಮ್ಮನ್ನು ದಾಟಿ ಹೋದರು. ನನಗಿಂತ ಹಿರಿಯರು. ನನಗೆ ಹೊಟ್ಟೆ ಉರಿಯಿತು. ಹಿಂದೆ ಒಮ್ಮೆ ನೋಡಿದೆ. ಅವಳು ತನ್ನ ಪಾಡಿಗೆ ಬಳ್ಳಿಗಳನ್ನು ನೋಡುತ್ತ ಬರುತ್ತಿದ್ದಳು. ಅವರ ಬೆನ್ನು ಹತ್ತಿದೆ. ಒಂದು ಕವಲಿನಲ್ಲಿ ಬಲಕ್ಕೆ ತಿರುಗಿ, ಒಂದು ದಿಬ್ಬ ದಾಟಿ, ಇನ್ನೊಂದು ದಾಟಿ, ಕಡೆಗೆ ಅವರನ್ನು ಹಿಂದೆ ಹಾಕಿಯೂ ಬಿಟ್ಟೆ. ಅವರು ನಕ್ಕು ಬೆನ್ನು ತಟ್ಟಿದರು. ಅಲ್ಲೊಂದು ಹಳೆಯ ನೆಲಮಾಳಿಗೆಯಲ್ಲಿ ವೈನ್ ರುಚಿ ನೋಡುವ ವ್ಯವಸ್ಥೆಯಿತ್ತು, ಬಾ ಎಂದರು. ಹೋದೆ. ನಿಯಮ ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಇದೇನು ನೈರೋಬಿಯ ಲಿಮುರು ರಸ್ತೆಯೇ, ಇಲ್ಲಿ ಮಟಾಟು ಇದೆಯೇ, ಆ ಕವಲೊಂದು ಬಿಟ್ಟರೆ ಇರುವುದೊಂದೇ ದಾರಿ, ತಾನೇ ಬರುತ್ತಾಳೆ ಬಿಡು ಎಂದುಕೊಂಡೆ. ಬರದಿದ್ದಾಗ, ನೇರ ಹೋಟೆಲಿಗೆ ಹೋಗಿರಬೇಕು ಎಂದುಕೊಂಡೆ. ತೋಟದ ಯಜಮಾನ ಮಣ್ಣಿನ ಬಗ್ಗೆ ಮಾತಾಡಿದ. ನಾನು ಅವನಿಗಿಂತ ಹೆಚ್ಚು ಮಾತಾಡಿದೆ.

ಮುಂದಿನ ಊರು ಎಲ್ಲಿ ಎಂದು ಆತ ಕೇಳಿದ. ತೋರಿಸಲು ಚೀಲದಿಂದ ನಕಾಶೆ ತೆಗೆದೆ. ಆಗ ಹೊಳೆಯಿತು. ನಕಾಶೆ ಇರುವುದು ನನ್ನ ಹತ್ತಿರ. ಹೋಟೆಲಿನ ಹೆಸರೂ ಅವಳಿಗೆ ಗೊತ್ತಿಲ್ಲ.

ಬಂದ ದಾರಿಯಲ್ಲಿ ಬಿದ್ದಂಬೀಳ ತುಳಿದೆ. ಆ ಕವಲಿನಲ್ಲಿ, ಕಲ್ಲಿನ ಶಿಲುಬೆಯೊಂದರ ಪಕ್ಕ, ಅವಳು ನಿಂತಿದ್ದಳು. ಹತ್ತು ಮಾರು ದೂರದಲ್ಲಿ ಮರದ ನೆರಳಿತ್ತು. ಅಲ್ಲಿಗೆ ಹೋದರೆ ನನಗೆ ಕಾಣಿಸುವುದಿಲ್ಲ ಎಂದು ಬಿಸಿಲಿನಲ್ಲೇ ನಿಂತಿದ್ದಳು. ಮುಖ ಕೆಂಪಗಾಗಿತ್ತು, ಬಾಟಲಿಯ ನೀರು ಮುಗಿದಿತ್ತು. ಹೀಗೆ ಮೂರು ಗಂಟೆ ಕಾದಿದ್ದಳು. ತಪ್ಪಾಯಿತು ಎನ್ನಬೇಕಾಗಿದ್ದ ಬಾಯಲ್ಲಿ ಬಂದದ್ದು ಬೇರೆ.

“ಇಲ್ಲೇ ನಿಂತಿದ್ಯಾ? ಯಾರನ್ನಾದ್ರೂ ಕೇಳ್ಕೊಂಡು ಮುಂದೆ ಬರಬಾರದಿತ್ತಾ? ತಲೆ ಓಡಲ್ವಾ ನಿಂಗೆ?”

ನಕ್ಕುಕೊಂಡೇ ಹೇಳಿದೆ, ನಾಚಿಕೆ ಮುಚ್ಚಿಕೊಳ್ಳಲು. ಅವಳು ನನ್ನ ಎರಡೂ ತೋಳು ಹಿಡಿದು, ಮೇಲಿನಿಂದ ಕೆಳಗಿನವರೆಗೆ ನೋಡಿದಳು. ವೈನಿನ ವಾಸನೆ ಹಿಡಿಯುತ್ತಿದ್ದಾಳೆ ಎಂದು ನಾನು ಮುಖ ತಿರುಗಿಸಿದೆ. ಅವಳು ಸೈಕಲ್ ಹತ್ತಲಿಲ್ಲ. ಮುಂದಿನ ಊರಿನವರೆಗೂ ತಳ್ಳಿಕೊಂಡೇ ನಡೆದಳು. ಉಳಿದ ಮೂರು ದಿನ ಸಾಮಾನಿನ ವ್ಯಾನಿನಲ್ಲಿ, ಚಾಲಕನ ಪಕ್ಕ ಕೂತು ಬಂದಳು. ಕೇಳಿದರೆ ಮಂಡಿ ನೋವು ಎಂದಳು.

ನೈರೋಬಿಗೆ ಬಂದ ಮೇಲೂ ಅಷ್ಟೆ. ಕೋಪವೇನೂ ತೋರಿಸಲಿಲ್ಲ. ಭಾನುವಾರ ನನಗಿಂತ ಮೊದಲೇ ಎದ್ದು ನನ್ನ ಬಾಟಲಿಗೆ ನೀರು ತುಂಬಿ, ಉಪ್ಪಿಟ್ಟು ಡಬ್ಬಿಗೆ ಹಾಕಿ ಇಡುತ್ತಿದ್ದಳು. ತಾನು ಮಾತ್ರ ಬರಳು. ಹೊಸ ಸೀಟು ತಂದು ಹಾಕಿಸಿದೆ. ಗದರಿದೆ, ರಮಿಸಿದೆ, ಇಷ್ಟೇನಾ ನಿನ್ನ ಶಕ್ತಿ ಎಂದು ಚುಚ್ಚಿದೆ. ಮಾತನ್ನು ಬೇರೆ ಕಡೆಗೆ ತಿರುಗಿಸುತ್ತಿದ್ದಳು. ನೈರೋಬಿಯಲ್ಲೇ ಬೆಳೆದ ಮಗಳು, ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಜಗಳವಾಡುವವಳು, ಒಂದು ದಿನ ನನ್ನ ಮುಖಕ್ಕೇ ಹೇಳಿದಳು: “ಅಪ್ಪಾ, ಜಸ್ಟ್ ಸೇ ಸಾರಿ.” ಒಂದೇ ಪದ. ನನ್ನ ಗಂಟಲಿನಿಂದ ಅದು ಇಳಿಯಲೂ ಇಲ್ಲ, ಹೊರಗೆ ಬರಲೂ ಇಲ್ಲ. ಕ್ಷಮೆ ಕೇಳಿದರೆ ತಪ್ಪು ನನ್ನದೇ ಎಂದಾಗುತ್ತದಲ್ಲ. ಹೀಗೇ ನಾಲ್ಕು ವರ್ಷ ಹೋಯಿತು. ನಾನೊಬ್ಬನೇ ಹೋಗುತ್ತಿದ್ದೆ, ಆಗಾಗ ಅಭ್ಯಾಸಬಲದಿಂದ ಹಿಂತಿರುಗಿ ನೋಡುತ್ತಿದ್ದೆ.

ಕಳೆದ ಸಲ ಚಹಾ ತೋಟದ ಏರಿನಲ್ಲಿ ಚೈನ್ ತುಂಡಾಗಿ ಬಿದ್ದೆ. ಮೊಣಕೈ ತರಚಿತ್ತು. ಫೋನ್ ಮಾಡಿದೆ. ಇದ್ದಲ್ಲೇ ಇರಿ, ಬಂದೆ ಎಂದಳು. ಸೊಪ್ಪು ಕೀಳುವ ಹೆಂಗಸರು ಬುಟ್ಟಿ ಹೊತ್ತು ಪಕ್ಕದಲ್ಲೇ ಹೋಗುತ್ತ ‘ಪೋಲೆ’ ಎಂದು ಅನುತಾಪ ಹೇಳಿದರು. ಮುಕ್ಕಾಲು ಗಂಟೆ ಕಾದೆ. ಅಷ್ಟಕ್ಕೇ ನನಗೆ ಎಲ್ಲಿಲ್ಲದ ಯೋಚನೆಗಳು. ಎಲ್ಲಿ ಸಿಕ್ಕಿಬಿದ್ದಳೋ, ಯಾವ ಮಟಾಟು ಬಂದು ಗುದ್ದಿತೋ ಎಂದು ರಸ್ತೆಯನ್ನೇ ನೋಡುತ್ತ ನಿಂತೆ. ಕಾರು ತಿರುವಿನಲ್ಲಿ ಕಾಣಿಸಿದಾಗ ನಿಜವಾಗಿ ಕಣ್ಣಲ್ಲಿ ನೀರು ಬಂತು.

ಅವಳು ಮೊಣಕೈಗೆ ಔಷಧಿ ಹಚ್ಚುತ್ತಿರುವಾಗ ಕಡೆಗೂ ಹೇಳಿದೆ, ಅವತ್ತು ಫ್ರಾನ್ಸಿನಲ್ಲಿ ನಾನು ಮಾಡಿದ್ದು ದೊಡ್ಡ ತಪ್ಪು, ಆ ಸಿಟ್ಟಿಗೆ ಸೈಕಲ್ ಬಿಟ್ಟೆಯಲ್ಲ, ಕ್ಷಮಿಸು, ಮತ್ತೆ ಬಾ ಎಂದೆ. ಅವಳು ಹತ್ತಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದಳು.

“ಸಿಟ್ಟಾ? ಸಿಟ್ಟು ಯಾಕೆ ಬರುತ್ತೆ? ಹತ್ತು ನಿಮಿಷಕ್ಕೆ ಬರದೇ ಇರೋರಲ್ಲ ನೀವು. ಅರ್ಧ ಗಂಟೆ ಆಯ್ತು, ಒಂದು ಗಂಟೆ ಆಯ್ತು. ಎಲ್ಲೋ ಬಿದ್ದಿದ್ದೀರಿ, ಇಲ್ಲಾ ಯಾವ್ದೋ ಲಾರಿ... ಇನ್ನೇನು ಅಂದ್ಕೊಳ್ಳಲಿ? ಗುರುತಿಲ್ಲದ ಊರು, ಭಾಷೆ ಬರಲ್ಲ. ಚಾಮುಂಡಿಗೆ ಹರಕೆ ಹೊತ್ಕೊಂಡೆ. ಇವರನ್ನ ನೆಟ್ಟಗೆ ಕಳಿಸಿಕೊಡು ತಾಯಿ, ಸೈಕಲ್ ಬಿಟ್ಟುಬಿಡ್ತೀನಿ ಅಂತ.”

 ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ಹೇಳಿದ್ದರೆ ನಗುತ್ತಿದ್ದಿರಿ ಎಂದಳು. ನಿಜ, ನಗುತ್ತಿದ್ದೆ. ಹರಕೆ, ಮುಡಿಪು ಎಂದರೆ ಆಡಿಕೊಳ್ಳುವ ವಿಜ್ಞಾನಿ ನಾನು. ಬಿಡುವುದಿದ್ದರೆ ಕಾಫಿ ಬಿಡಬಹುದಿತ್ತು, ಸಿಹಿ ಬಿಡಬಹುದಿತ್ತು, ಸೈಕಲ್ಲೇ ಯಾಕೆ ಎಂದು ಹುಚ್ಚನ ಹಾಗೆ ಕೇಳಿದೆ. ಎಲ್ಲಕ್ಕಿಂತ ಇಷ್ಟವಾದದ್ದನ್ನೇ ಕೊಡಬೇಕಲ್ಲವಾ ಎಂದಳು, ಮಕ್ಕಳಿಗೆ ಲೆಕ್ಕ ಹೇಳಿಕೊಡುವ ದನಿಯಲ್ಲಿ.

ಈ ಸಲ ಮೈಸೂರಿಗೆ ಹೋದಾಗ ಬೆಟ್ಟ ಹತ್ತೋಣ, ತಪ್ಪುಕಾಣಿಕೆ ಹಾಕೋಣ, ಹರಕೆಯಿಂದ ಬಿಡಿಸಿಕೊಳ್ಳುವ ದಾರಿ ಏನಾದರೂ ಇದ್ದೇ ಇರುತ್ತದೆ ಎಂದು ಗೋಗರೆದೆ. ಅವಳು ಔಷಧಿಯ ಮುಚ್ಚಳ ಹಾಕಿ, ಕಾರು ಶುರು ಮಾಡಿದಳು.

“ನೀವು ಬಂದ್ರಲ್ಲ. ಕೊಟ್ಟಿದ್ದನ್ನ ಈಗ ವಾಪಸ್ ಕೊಡು ಅಂತ ಯಾವ ಬಾಯಲ್ಲಿ ಕೇಳ್ಲಿ?”